ವಿಂಡೋಸ್ 11 24ಎಚ್2: ಹಳೆಯ ಪ್ರೊಸೆಸರ್‌ಗಳಲ್ಲಿ ಹೇಗೆ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರಿಗೆ 11 ಹಾಕಲು ಹೊರಟವರು ಒಂದನ್ನು ಮೊದಲು ತಿಳಿದಿರಬೇಕು: ಕೆಲವು ಪ್ರೊಸೆಸರ್‌ಗಳಲ್ಲಿ ಇದು ನಿಜಕ್ಕೂ ಓಡುವುದಿಲ್ಲ, ಇನ್ನು ಕೆಲವನ್ನು ಮೈಕ್ರೋಸಾಫ್ಟ್ ತನ್ನ ಬೆಂಬಲದ ಪಟ್ಟಿಯಿಂದ ಬಿಟ್ಟಿದೆ, ಅಷ್ಟೆ.

ಕೋರ್ 2 ಡ್ಯುಯೊ ಮೊದಲನೆಯ ಗುಂಪಿನದು. ವಿಂಡೋಸ್ 11ರ 2024ರ ಆವೃತ್ತಿಯಾದ 24ಎಚ್2ಗೆ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ4.2 ಎಂಬ ಪ್ರೊಸೆಸರ್ ಸೂಚನೆಗಳು (ಇನ್‌ಸ್ಟ್ರಕ್ಷನ್) ಬೇಕೇ ಬೇಕು. ಆ ಚಿಪ್‌ನಲ್ಲಿ ಅವು ಇಲ್ಲ, ಬೂಟ್ ಆಗುವುದೇ ಇಲ್ಲ. ಯಾವ ಉಪಾಯವೂ ನಡೆಯದು. ಪ್ರೊಸೆಸರ್ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದು 'ಇನ್‌ಸ್ಟ್ರಕ್ಷನ್ಸ್' ಸಾಲಿನಲ್ಲಿ ಎಸ್‌ಎಸ್‌ಇ4.2 ಇದೆಯೇ ನೋಡಿ. ಇಲ್ಲದಿದ್ದರೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ 22 ಹಾಕಿಕೊಳ್ಳಿ, 2029ರವರೆಗೆ ಅಪ್‌ಡೇಟ್ ಬರುತ್ತದೆ.

ಇಂಟೆಲ್ 6, 7ನೇ ಜನರೇಷನ್ ಎರಡನೆಯ ಗುಂಪಿನವು. ಇಲ್ಲಿ ಮೈಕ್ರೋಸಾಫ್ಟ್‌ನ ಲೆಕ್ಕ ಒಪ್ಪುವಂತಿಲ್ಲ. ಮೆಮೊರಿ ಇಂಟೆಗ್ರಿಟಿ (ಕೆಟ್ಟ ಕೋಡ್ ವಿಂಡೋಸ್‌ನ ತಿರುಳಿಗೆ ನುಗ್ಗದಂತೆ ತಡೆಯುವ ರಕ್ಷಣೆ) ಹಗುರವಾಗಿ ಓಡಲು ಬೇಕಾದ ಹಾರ್ಡ್‌ವೇರ್ ನೆರವು ಇಂಟೆಲ್‌ನಲ್ಲಿ 7ನೇ ಜನರೇಷನ್‌ನಿಂದಲೇ ಇದೆ, ಎಎಂಡಿಯಲ್ಲಿ ಝೆನ್ 2 ಪೀಳಿಗೆಯಿಂದ. ಆದರೂ ಝೆನ್ 2ಕ್ಕಿಂತ ಹಿಂದಿನ ರೈಝನ್ 5 2600 ಪಟ್ಟಿಯಲ್ಲಿದೆ, ಇಂಟೆಲ್ 7ನೇ ಜನರೇಷನ್‌ನ ಐ5-7500 ಇಲ್ಲ! ಅದೇ 7ನೇ ಜನರೇಷನ್‌ನ ಐ7-7820ಎಚ್‌ಕ್ಯೂಗೆ ವಿನಾಯಿತಿ. ಅದು ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೊ 2ರಲ್ಲಿತ್ತು ಎನ್ನುವುದನ್ನು ಓದುಗರೇ ಗಮನಿಸಲಿ.

ಹಾಕುವ ಕ್ರಮ ಸುಲಭ. ಫೈಲುಗಳ ಬ್ಯಾಕಪ್ ಮುಗಿಸಿ, 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಸಾಫ್ಟ್‌ವೇರ್‌ನ 4.6 ಅಥವಾ ಅದಕ್ಕಿಂತ ಹೊಸದರಿಂದ ವಿಂಡೋಸ್ 11ರ ಐಎಸ್‌ಒ (ಇನ್‌ಸ್ಟಾಲ್ ಫೈಲು) ಬರೆಯಿರಿ. 'ಸ್ಟಾರ್ಟ್' ಒತ್ತಿದಾಗ ಬರುವ ಕಿಟಕಿಯಲ್ಲಿ ಟಿಪಿಎಂ (ಭದ್ರತಾ ಚಿಪ್), ಸೆಕ್ಯೂರ್ ಬೂಟ್ ಷರತ್ತು ತೆಗೆಯುವ ಟಿಕ್ ಹಾಕಿ. ಆಮೇಲೆ ವಿಂಡೋಸ್ 10ರೊಳಗಿಂದಲೇ ಪೆನ್‌ಡ್ರೈವ್‌ನ ಸೆಟಪ್ ಓಡಿಸಿದರೆ ಸಾಫ್ಟ್‌ವೇರ್, ಫೈಲು ಎಲ್ಲ ಉಳಿಯುತ್ತವೆ. ಬಯಾಸ್‌ನಲ್ಲಿ ಇಂಟೆಲ್ ಪಿಟಿಟಿ (ಬೇರೆ ಚಿಪ್ ಇಲ್ಲದೆ ಟಿಪಿಎಂ ಕೆಲಸ ಮಾಡುವ ಸೌಲಭ್ಯ) ಆನ್ ಮಾಡುವುದಾದರೆ, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅನ್ನು ಮೊದಲು 'ಸಸ್ಪೆಂಡ್' ಮಾಡಿ. ಇಲ್ಲವಾದರೆ ಮುಂದಿನ ಬೂಟ್‌ಗೇ 48 ಅಂಕಿಯ ರಿಕವರಿ ಕೀ ಕೇಳಿ ಕೂತುಬಿಡುತ್ತದೆ.

ಓಡುವ ವೇಗ? ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಇದ್ದರೆ ಬ್ರೌಸರ್, ನುಡಿ, ಟ್ಯಾಲಿಗೆ ಧಾರಾಳ. ಹಾರ್ಡ್ ಡಿಸ್ಕ್‌ನಲ್ಲೇ ಹಾಕುವುದಾದರೆ ಈ ಗೊಡವೆಗೇ ಹೋಗಬೇಡಿ. 6ನೇ ಜನರೇಷನ್‌ನಲ್ಲಿ ಮೆಮೊರಿ ಇಂಟೆಗ್ರಿಟಿಯನ್ನು ಸಾಫ್ಟ್‌ವೇರ್ ಮೂಲಕ ನಟಿಸಬೇಕಾದ್ದರಿಂದ ಅದು ಆನ್ ಇದ್ದಾಗ ಹೊರೆ ಹೆಚ್ಚು. ಆಫ್ ಮಾಡಿದರೆ ಚುರುಕಾಗುತ್ತದೆ, ರಕ್ಷಣೆಯ ಒಂದು ಪದರ ಹೋಗುತ್ತದೆ.

ಇಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಖಾತ್ರಿ ಮೈಕ್ರೋಸಾಫ್ಟ್‌ನದಲ್ಲ. ತಿಂಗಳ ಪ್ಯಾಚ್‌ಗಳು ಸದ್ಯ ಬರುತ್ತಿವೆ. ದೊಡ್ಡ ಆವೃತ್ತಿ ಬಂದಾಗ ಮತ್ತೆ ಪೆನ್‌ಡ್ರೈವ್ ಹಿಡಿಯಬೇಕಾಗಬಹುದು. ಅದನ್ನು ಅಳಿಸದೆ ಇಟ್ಟುಕೊಳ್ಳುವ ಬದಲು ಆಯಾ ಸಲ ಹೊಸ ಐಎಸ್‌ಒ ಬರೆಯಿರಿ.