ಇಂಗ್ಲೆಂಡ್, ವೇಲ್ಸ್ ಕೌನ್ಸಿಲ್‌ಗಳ ಜೂಜು ಪರವಾನಗಿ ಸೇವೆ: ಎಲ್ಲಿ ಗಟ್ಟಿ, ಎಲ್ಲಿ ಜಾಳು

ಕೌನ್ಸಿಲ್ ಹೊಸ ಜೂಜು ನೀತಿಯನ್ನು ಅಂಗೀಕರಿಸಿತು ಎಂದು ಕೇಳಿದರೆ ಬೆಟ್ಟಿಂಗ್ ಅಂಗಡಿಗಳಿಗೆ ಕಡಿವಾಣ ಬಿತ್ತು ಅನ್ನಿಸುವುದು ಸಹಜ. ಆ ನಿರೀಕ್ಷೆಯಿಂದ ಈ ಸೇವೆಯ ಬಾಗಿಲು ತಟ್ಟಿದವರಿಗೆ ನಿರಾಸೆಯೇ ಗತಿ. ಇದು ಮೂಲತಃ ಅನುಮತಿ ಕೊಡುವ ಕೌಂಟರ್. 'ಆಗದು' ಅನ್ನುವುದಕ್ಕೆ ಕಾನೂನು ಬಿಟ್ಟಿರುವ ಜಾಗ ತೀರಾ ಕಿರಿದು. ಆ ಕಿರಿದಾದ ಜಾಗವನ್ನು ಒಂದು ಕೌನ್ಸಿಲ್ ಎಷ್ಟು ಜಾಣತನದಿಂದ ಬಳಸಿಕೊಂಡಿದೆ ಎಂಬುದನ್ನು ನೋಡಿಯೇ ಅದಕ್ಕೆ ಅಂಕ ಕೊಡಬೇಕು.

ಕಾರಣ 2005ರ ಜೂಜು ಕಾಯ್ದೆಯ 153ನೇ ಕಲಮಿನಲ್ಲಿದೆ. ಅರ್ಜಿಯು ಜೂಜನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆಯಾದ ಜೂಜು ಆಯೋಗದ ಸಂಹಿತೆ ಮತ್ತು ಮಾರ್ಗಸೂಚಿಗೆ, ಕೌನ್ಸಿಲಿನ ಸ್ವಂತ ನೀತಿಗೆ ಹೊಂದುತ್ತಿದ್ದು, ಪರವಾನಗಿಯ ಮೂರು ಉದ್ದೇಶಗಳಿಗೂ ಒಪ್ಪುವಂತಿದ್ದರೆ ಅನುಮತಿ ಕೊಡುವ ಕಡೆಗೇ ಕೌನ್ಸಿಲ್ ವಾಲಬೇಕು. ಆ ಉದ್ದೇಶಗಳೆಂದರೆ ಜೂಜು ಅಪರಾಧದ ಮೂಲವಾಗದಿರುವುದು, ಆಟ ನ್ಯಾಯವಾಗಿ, ಮುಚ್ಚುಮರೆಯಿಲ್ಲದೆ ನಡೆಯುವುದು, ಮಕ್ಕಳಿಗೂ ಸುಲಭವಾಗಿ ಹಾನಿಗೊಳಗಾಗುವವರಿಗೂ ರಕ್ಷಣೆ ಸಿಗುವುದು. 'ಈ ರಸ್ತೆಯಲ್ಲಿ ಆಗಲೇ ಐದು ಅಂಗಡಿಗಳಿವೆ, ಆರನೆಯದು ಯಾಕೆ' ಎಂಬ ಪ್ರಶ್ನೆಯನ್ನು ಅಧಿಕಾರಿ ಕೇಳುವಂತೆಯೇ ಇಲ್ಲ. ಬೇಡಿಕೆ ಇದೆಯೋ ಇಲ್ಲವೋ ಎಂಬುದನ್ನು ಪರಿಗಣಿಸಬಾರದೆಂದು ಅದೇ ಕಲಂ ಹೇಳುತ್ತದೆ. ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್ ಪ್ಯಾಡಿ ಪವರ್ ಎಂಬ ಬೆಟ್ಟಿಂಗ್ ಕಂಪನಿಯ ಒಂದು ಅಂಗಡಿಗೆ ಪರವಾನಗಿ ನಿರಾಕರಿಸಿ ನೋಡಿತು. 2013ರಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಆ ನಿರ್ಧಾರವನ್ನು ತಿರುಗಿಸಿ ಹಾಕಿತು.

ಮೊದಲು ನೀತಿಯ ಪುಸ್ತಿಕೆಯನ್ನೇ ನೋಡೋಣ. 349ನೇ ಕಲಮಿನ ಪ್ರಕಾರ ಪ್ರತಿ ಕೌನ್ಸಿಲೂ ಮೂರು ವರ್ಷಕ್ಕೊಮ್ಮೆ ತನ್ನ 'ತತ್ತ್ವಗಳ ಹೇಳಿಕೆ'ಯನ್ನು ಪ್ರಕಟಿಸಬೇಕು. ಮೊದಲ ಅವಧಿ 2007ರ ಜನವರಿ 31ಕ್ಕೆ ಶುರುವಾದ್ದರಿಂದ 2019, 2022, 2025 ಹೀಗೆ ಅದೇ ಜನವರಿಗೆ ಚಕ್ರ ತಿರುಗುತ್ತದೆ. ಜಾರಿಗೆ ಬರುವುದಕ್ಕೆ ಕನಿಷ್ಠ ನಾಲ್ಕು ವಾರ ಮೊದಲೇ ಅದು ಪ್ರಕಟವಾಗಿರಬೇಕು. ಅಂಗೀಕಾರ ಪೂರ್ಣ ಸಭೆಯಲ್ಲೇ ಆಗಬೇಕು, ಪರವಾನಗಿ ಸಮಿತಿಗೆ ಆ ಅಧಿಕಾರವಿಲ್ಲ. ಅದಕ್ಕೂ ಮೊದಲು ಪೊಲೀಸ್ ಮುಖ್ಯಸ್ಥರು, ಜೂಜು ಉದ್ಯಮದವರು, ಜೂಜಿನ ಪರಿಣಾಮ ತಟ್ಟಬಹುದಾದವರ ಪ್ರತಿನಿಧಿಗಳು ಈ ಮೂವರ ಅಭಿಪ್ರಾಯ ಕೇಳಿರಬೇಕು. ಹಿಂದಕ್ಕೆ ಎಣಿಸುತ್ತ ಬಂದರೆ ಡಿಸೆಂಬರಿನ ಪೂರ್ಣ ಸಭೆಯೇ ಕೊನೆಯ ಗಡುವು, ಸಮಾಲೋಚನೆ ಬೇಸಿಗೆಯಲ್ಲೋ ಶರತ್ಕಾಲದ ಆರಂಭದಲ್ಲೋ ಮುಗಿದಿರಬೇಕು. ತಡವಾಗಿ ಎದ್ದ ಕೌನ್ಸಿಲ್ ಹಳೆಯ ಪುಸ್ತಿಕೆಯ ತಾರೀಖು ಬದಲಿಸಿ, ಕಾನೂನಿನ ಹೊಸ ಉಲ್ಲೇಖ ಎರಡು ಸೇರಿಸಿ ಕೈತೊಳೆದುಕೊಳ್ಳುತ್ತದೆ. ಇಂಥ ಪುಸ್ತಿಕೆ ನಿಯಮಕ್ಕೆ ಸಾಕು, ಕೆಲಸಕ್ಕೆ ಬಾರದು.

ಓದುವವರಿಗೆ ಒಂದು ಒಳದಾರಿ ಇದೆ. ಪೀಠಿಕೆ, ನಕ್ಷೆ, ಸಮಾಲೋಚಿಸಿದವರ ಪಟ್ಟಿ ಇವು ಎಲ್ಲ ಕೌನ್ಸಿಲ್‌ಗಳಲ್ಲೂ ಅಚ್ಚೊತ್ತಿದ ಹಾಗೆ ಒಂದೇ ತೆರ. ಅವನ್ನು ದಾಟಿ ನೇರವಾಗಿ 'ಸ್ಥಳೀಯ ಪ್ರದೇಶದ ಚಿತ್ರಣ' ಇರುವ ಪುಟಕ್ಕೆ ಹೋಗಿ. ಶಾಲೆಗಳು ಎಲ್ಲಿವೆ, ವ್ಯಸನ ಚಿಕಿತ್ಸಾ ಕೇಂದ್ರ ಯಾವ ರಸ್ತೆಯಲ್ಲಿದೆ, ನಿರಾಶ್ರಿತರ ತಂಗುದಾಣ ಯಾವುದರ ಪಕ್ಕದಲ್ಲಿದೆ, ಈಗಿರುವ ಜೂಜು ಅಂಗಡಿಗಳು ಎಲ್ಲಿ ಗುಂಪುಗೂಡಿವೆ ಎಂಬುದೆಲ್ಲ ವಾರ್ಡುವಾರು ಅಲ್ಲಿದ್ದರೆ ಪುಸ್ತಿಕೆ ಗಟ್ಟಿ. 'ಅರ್ಜಿದಾರರು ದುರ್ಬಲ ವರ್ಗದವರನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು' ಎಂಬ ಒಂದೇ ಸಾಲಿದ್ದರೆ ಜಾಳು. ಈ ಕೆಲಸವನ್ನು ಆರಂಭದಲ್ಲೇ ಗಂಭೀರವಾಗಿ ತೆಗೆದುಕೊಂಡದ್ದು ವೆಸ್ಟ್‌ಮಿನ್‌ಸ್ಟರ್ ಮತ್ತು ಮ್ಯಾಂಚೆಸ್ಟರ್. ಜೂಜಿನ ಹಾನಿಗೆ ಯಾವ ಬಡಾವಣೆ ಹೆಚ್ಚು ಒಡ್ಡಿಕೊಂಡಿದೆ ಎಂದು ಅವು ಅಧ್ಯಯನ ಮಾಡಿಸಿ ನಕ್ಷೆಗೆ ಇಳಿಸಿದವು.

ಈ ಒಂದು ಭಾಗಕ್ಕೆ ಇಷ್ಟು ತೂಕ ಯಾಕೆಂದರೆ, 2016ರ ಏಪ್ರಿಲ್‌ನಿಂದ ಪ್ರತಿ ಜೂಜು ಅಂಗಡಿಯ ಮಾಲೀಕರೂ ಸ್ಥಳೀಯ ಅಪಾಯದ ಮೌಲ್ಯಮಾಪನ ಬರೆದಿಟ್ಟುಕೊಳ್ಳಬೇಕು, ಬರೆಯುವಾಗ ಕೌನ್ಸಿಲಿನ ನೀತಿಯನ್ನು ಗಣನೆಗೆ ತೆಗೆದುಕೊಳ್ಳಬೇಕು. ನೀತಿಯಲ್ಲಿ ಏನೂ ಇಲ್ಲದಿದ್ದರೆ ಕಂಪನಿಯ ಮುಖ್ಯ ಕಚೇರಿ ದೇಶದ ಎಲ್ಲ ಶಾಖೆಗಳಿಗೂ ಒಂದೇ ನಮೂನೆಯನ್ನು ಕಳಿಸುತ್ತದೆ, ಅಧಿಕಾರಿಗೆ ಅದನ್ನು ತಿರಸ್ಕರಿಸಲು ಆಧಾರ ಸಿಗುವುದಿಲ್ಲ. ನೀತಿಯಲ್ಲಿ ರಸ್ತೆಯ ಹೆಸರು ಇದ್ದರೆ ಕೇಳುವ ಪ್ರಶ್ನೆಯೇ ಬೇರೆ: ಎದುರಿನ ಕಾಲೇಜು ನಿಮ್ಮ ಕಾಗದದಲ್ಲಿ ಎಲ್ಲಿದೆ? ಸಂಜೆ ನಾಲ್ಕಕ್ಕೆ ಬಾಗಿಲಲ್ಲಿ ಯಾರು ನಿಲ್ಲುತ್ತಾರೆ? ಇಂಥ ಪ್ರಶ್ನೆಯಿಂದಲೇ ಷರತ್ತು ಹುಟ್ಟುತ್ತದೆ.

ಅರ್ಜಿದಾರರ ಕಡೆಯಿಂದ ನೋಡಿದರೆ ಸೇವೆ ಅಚ್ಚುಕಟ್ಟು, ಆದರೆ ಕ್ಷಮೆ ಇಲ್ಲದ್ದು. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಜೂಜು ಆಯೋಗದಿಂದ ಕಾರ್ಯಾಚರಣೆಯ ಪರವಾನಗಿ ಪಡೆದಿರಬೇಕು, ಕನಿಷ್ಠ ಅದಕ್ಕೆ ಅರ್ಜಿಯನ್ನಾದರೂ ಹಾಕಿರಬೇಕು. ಆಮೇಲೆ ಕೌನ್ಸಿಲಿಗೆ ನಿಗದಿತ ನಮೂನೆಯ ಅರ್ಜಿ, ಗೋಡೆ, ಎಲ್ಲೆ, ಒಳಬರುವ ಹೊರಹೋಗುವ ಬಾಗಿಲುಗಳನ್ನು ತೋರಿಸುವ ನಕ್ಷೆ, ಶುಲ್ಕ. 2007ರ ನಿಯಮಗಳು ಹೊಸ ಅರ್ಜಿಗೆ ಮೊದಲು ಇಟ್ಟಿದ್ದ ಗರಿಷ್ಠ ಮಿತಿ ಬೆಟ್ಟಿಂಗ್ ಅಂಗಡಿಗೆ 3,000 ಪೌಂಡ್, ಬಿಂಗೊ ಕೇಂದ್ರಕ್ಕೆ 3,500, ವಯಸ್ಕರ ಸ್ಲಾಟ್ ಮೆಷಿನ್ ಕೇಂದ್ರಕ್ಕೆ 2,000 ಆಗಿತ್ತು. ವಾರ್ಷಿಕ ಶುಲ್ಕದ ಮಿತಿ ಆಗ ಕ್ರಮವಾಗಿ 600, 1,000, 1,000 ಇತ್ತು. ಕೌನ್ಸಿಲ್ ಗರಿಷ್ಠ ಮಿತಿಗಿಂತ ಕಡಿಮೆ ಇಡಬಹುದು.

ಎಡವುವುದು ಹಣದಲ್ಲಲ್ಲ, ನೋಟಿಸಿನಲ್ಲಿ. ಅರ್ಜಿ ಕೊಟ್ಟ ದಿನದಿಂದ 28 ದಿನ ಒಂದೂ ಬಿಡದೆ ಕಟ್ಟಡದ ಮೇಲೆ ನೋಟಿಸು ಇರಬೇಕು, ದಾರಿಹೋಕರಿಗೆ ಓದಲು ಸಿಗುವಂತಿರಬೇಕು. ಸ್ಥಳೀಯ ಪತ್ರಿಕೆಯಲ್ಲಿ 10 ಕೆಲಸದ ದಿನಗಳೊಳಗೆ ಜಾಹೀರಾತು ಬರಬೇಕು. ಪೊಲೀಸ್, ಅಗ್ನಿಶಾಮಕ, ಯೋಜನಾ ವಿಭಾಗ, ಪರಿಸರ ಆರೋಗ್ಯ, ಮಕ್ಕಳ ರಕ್ಷಣಾ ಸಂಸ್ಥೆ, ಕಂದಾಯ ಇಲಾಖೆ, ಜೂಜು ಆಯೋಗ ಇಷ್ಟು ಕಡೆಗೆ 7 ದಿನಗಳೊಳಗೆ ಪ್ರತಿ ಮುಟ್ಟಬೇಕು. ವಾರಪತ್ರಿಕೆಯ ಜಾಹೀರಾತಿನ ಗಡುವು ತಪ್ಪಿದರೆ ಮುಂದಿನ ಸಂಚಿಕೆ ಹೊತ್ತಿಗೆ ಆ ಹತ್ತು ದಿನ ಮುಗಿದುಹೋಗಬಹುದು, ಹಾಗಾದರೆ ಲೆಕ್ಕ ಮೊದಲಿನಿಂದ. ಅರ್ಜಿಗೆ ಮೊದಲೇ ಪತ್ರಿಕೆಯಲ್ಲಿ ಜಾಗ ಕಾದಿರಿಸುವುದು ಕ್ಷೇಮ. ಯೋಜನಾ ಅನುಮತಿ ಬೇರೆಯದೇ ಕಡತ: 2015ರ ಏಪ್ರಿಲ್‌ನಿಂದ ಇಂಗ್ಲೆಂಡ್‌ನಲ್ಲಿ ಬೇರೆ ಅಂಗಡಿಯನ್ನು ಬೆಟ್ಟಿಂಗ್ ಅಂಗಡಿಯಾಗಿಸಲು ಅದು ಬೇಕು. ಆದರೆ ಅದು ಸಿಗುತ್ತದೋ ಇಲ್ಲವೋ ಎಂಬುದನ್ನು ಪರವಾನಗಿ ವಿಭಾಗ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಂದೇ ಕಟ್ಟಡದ ಎರಡು ಮೇಜುಗಳು ಪರಸ್ಪರ ಮುಖ ನೋಡದೆ ಕೆಲಸ ಮಾಡುವುದನ್ನು ಕಾನೂನೇ ಕಡ್ಡಾಯ ಮಾಡಿದೆ.

ನೆರೆಹೊರೆಯವರಿಗೆ ಈ ಸೇವೆ ಅಷ್ಟು ಸುಲಭವಲ್ಲ. ಆಕ್ಷೇಪಣೆ ಸಲ್ಲಿಸಲು ಅದೇ 28 ದಿನ. ಸಾಕಷ್ಟು ಹತ್ತಿರ ವಾಸಿಸುವವರು, ವ್ಯಾಪಾರಕ್ಕೆ ತೊಂದರೆಯಾಗಬಹುದಾದವರು, ಇಲ್ಲವೇ ಇವರ ಪ್ರತಿನಿಧಿಗಳು ಮಾತ್ರ ಅರ್ಹರು. 'ಹತ್ತಿರ' ಎಷ್ಟು ಎಂಬುದನ್ನು ಹೇಗೆ ತೀರ್ಮಾನಿಸುತ್ತೇವೆಂದು ನೀತಿಯೇ ಹೇಳಬೇಕು. 'ಜೂಜು ಮನೆ ಮುರಿಯುತ್ತದೆ' ಎಂದು ಬರೆದ ಪತ್ರ ಎಷ್ಟೇ ನಿಜವಾದರೂ ತೂಗುವುದಿಲ್ಲ, ನೈತಿಕ ಆಕ್ಷೇಪಕ್ಕೆ ಇಲ್ಲಿ ಬೆಲೆಯಿಲ್ಲ. ವಾಹನ ನಿಲುಗಡೆಯ ತೊಂದರೆಗೂ ಇಲ್ಲ. ತೂಗುವ ಪತ್ರದಲ್ಲಿ ಜಾಗ, ಹೊತ್ತು, ಘಟನೆ ಮೂರೂ ಇರುತ್ತವೆ: ಈ ಬಾಗಿಲಿಂದ ಬಸ್ ನಿಲ್ದಾಣಕ್ಕೆ ಇಷ್ಟು ಅಡಿ, ಶಾಲೆಯ ಮಕ್ಕಳು ಇಷ್ಟು ಗಂಟೆಗೆ ನಿಲ್ಲುತ್ತಾರೆ, ಪಕ್ಕದ ಅಂಗಡಿಯ ಮುಂದಿನ ಗಲಾಟೆಗೆ ಪೊಲೀಸರು ಇಂಥ ತಾರೀಖು ಬಂದಿದ್ದರು. ಹೆಸರು ಮುಂದೆ ಬರುವುದು ಬೇಡವೆನ್ನುವವರು ವಾರ್ಡಿನ ಕೌನ್ಸಿಲರ್ ಮೂಲಕ ಹೋಗುವುದು ಮೇಲು. ಆಕ್ಷೇಪಣೆ ಬಂದರೆ ಸಾಮಾನ್ಯವಾಗಿ ಮೂವರು ಸದಸ್ಯರ ಉಪಸಮಿತಿ ವಿಚಾರಣೆ ನಡೆಸುತ್ತದೆ. ಒಂದೂ ಬರದಿದ್ದರೆ ಅಧಿಕಾರಿಯೇ ಮುಗಿಸುತ್ತಾರೆ. ತೀರ್ಪಿನ ವಿರುದ್ಧ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಲು 21 ದಿನ.

ಹೊತ್ತಿನ ವಿಷಯದಲ್ಲಿ ಬಹಳಷ್ಟು ಪುಸ್ತಿಕೆಗಳು ಮಲಗಿವೆ. ಬೆಟ್ಟಿಂಗ್ ಅಂಗಡಿಗೆ ತಾನಾಗಿ ಅನ್ವಯಿಸುವ ಷರತ್ತಿನ ಪ್ರಕಾರ ಬೆಳಿಗ್ಗೆ 7ರಿಂದ ರಾತ್ರಿ 10. ವಯಸ್ಕರ ಸ್ಲಾಟ್ ಕೇಂದ್ರಕ್ಕೆ ಅಂಥ ಹೊತ್ತಿನ ಮಿತಿಯೇ ಇಲ್ಲ, ಇಡೀ ರಾತ್ರಿ ತೆರೆದಿಡಬಹುದು. ಮುಖ್ಯ ರಸ್ತೆಯಲ್ಲಿ ಬ್ಯಾಂಕೋ ಬಟ್ಟೆ ಅಂಗಡಿಯೋ ಮುಚ್ಚಿದ ಮಳಿಗೆಗೆ ಬರುವುದು ಇವೇ. ಹೀಗಿರುವಾಗ ರಾತ್ರಿ ಕನಿಷ್ಠ ಇಬ್ಬರು ಸಿಬ್ಬಂದಿ, ಒಳಗಿನಿಂದ ತೆಗೆಯುವ ಬಾಗಿಲ ಬೀಗ, 31 ದಿನ ಉಳಿಸುವ ಸಿಸಿಟಿವಿ ದೃಶ್ಯ, 25ಕ್ಕಿಂತ ಕಿರಿಯರಂತೆ ಕಂಡರೆ ಗುರುತಿನ ಚೀಟಿ ಕೇಳುವ ಪದ್ಧತಿ ಇಂಥ ಷರತ್ತುಗಳ ಪಟ್ಟಿಯನ್ನು ನೀತಿಯಲ್ಲೇ ಸಿದ್ಧವಾಗಿಡುವ ಕೌನ್ಸಿಲಿಗೆ ಪೂರ್ತಿ ಅಂಕ. ಮೆಷಿನ್‌ಗಳ ಸಂಖ್ಯೆ, ಅವುಗಳ ವರ್ಗ, ಪಣದ ಮೊತ್ತ ಇವಕ್ಕೆ ಕೌನ್ಸಿಲ್ ಷರತ್ತು ಹಾಕುವಂತಿಲ್ಲ. ಬೆಟ್ಟಿಂಗ್ ಅಂಗಡಿಯ ಮೆಷಿನ್‌ಗಳ ಗರಿಷ್ಠ ಪಣ 2019ರ ಏಪ್ರಿಲ್ 1ರಂದು 100 ಪೌಂಡ್‌ನಿಂದ 2ಕ್ಕೆ ಇಳಿದದ್ದು ಕೇಂದ್ರ ಸರ್ಕಾರದಿಂದ, ಯಾವ ಪುರಭವನದಿಂದಲೂ ಅಲ್ಲ.

ಚಿಕ್ಕ ಕೆಲಸಗಳಲ್ಲಿ ಈ ಸೇವೆ ನಿಜಕ್ಕೂ ಚೆನ್ನಾಗಿದೆ. ಪಬ್‌ನವರು ಎರಡು ಜೂಜು ಮೆಷಿನ್ ಇಡಲು 50 ಪೌಂಡ್ ಕಟ್ಟಿ ತಿಳಿಸಿದರೆ ಸಾಕು. ಸಂಘ ಸಂಸ್ಥೆಗಳ ಸಣ್ಣ ಲಾಟರಿಯ ನೋಂದಣಿಗೆ 40 ಪೌಂಡ್, ಆಮೇಲೆ ವರ್ಷಕ್ಕೆ 20. ಒಂದು ಡ್ರಾಗೆ 20,000 ಪೌಂಡ್, ವರ್ಷಕ್ಕೆ 2,50,000 ಪೌಂಡ್ ಮಾರಾಟದ ಮಿತಿ, ಕನಿಷ್ಠ ಶೇ 20 ಸಂಸ್ಥೆಯ ಉದ್ದೇಶಕ್ಕೆ ಹೋಗಬೇಕು. ಸಮಾರಂಭದ ದಿನ ಅಲ್ಲೇ ಟಿಕೆಟ್ ಮಾರುವ ರ‍್ಯಾಫಲ್ ಎಂಬ ಚಿಕ್ಕ ಲಾಟರಿಗೆ ನೋಂದಣಿಯೇ ಬೇಡ. ಆದರೆ ವಾರ ಮೊದಲೇ ವಾಟ್ಸಾಪ್‌ನಲ್ಲಿ ಮಾರಲು ಶುರುಮಾಡಿದರೆ ಆ ವಿನಾಯಿತಿ ಹೋಯಿತು. ಡ್ರಾ ಆದ 3 ತಿಂಗಳಲ್ಲಿ ಲೆಕ್ಕ ಒಪ್ಪಿಸುವುದನ್ನು ಖಜಾಂಚಿಗಳು ಮರೆಯುವುದೇ ಹೆಚ್ಚು.

ಪರವಾನಗಿ ಕೊಟ್ಟಾದ ಮೇಲೆ ಏನು? ವಾರ್ಷಿಕ ಶುಲ್ಕ ಬಾಕಿ ಉಳಿದರೆ, ಆಡಳಿತದ ಎಡವಟ್ಟಿನಿಂದ ಆದದ್ದಲ್ಲದಿದ್ದರೆ, ಕೌನ್ಸಿಲ್ ಪರವಾನಗಿಯನ್ನು ರದ್ದು ಮಾಡಲೇಬೇಕು. ನೆರೆಯವರ ಕೈಯಲ್ಲಿ ಉಳಿಯುವ ಅಸ್ತ್ರ ಮರುಪರಿಶೀಲನೆಯ ಅರ್ಜಿ, ಅಂದರೆ ಕೊಟ್ಟ ಪರವಾನಗಿಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿ ಎಂಬ ಕೋರಿಕೆ. ಅಂಗಡಿಗಳ ದಟ್ಟಣೆಯ ಒಟ್ಟು ಪರಿಣಾಮವನ್ನು ತೂಗುವ ಅಧಿಕಾರವನ್ನು ಕೌನ್ಸಿಲ್‌ಗಳಿಗೆ ಕೊಡುವುದಾಗಿ 2023ರ ಏಪ್ರಿಲ್‌ನ ಸರ್ಕಾರಿ ಶ್ವೇತಪತ್ರ ಹೇಳಿತು. ಅದನ್ನು ನೆಚ್ಚಿ ಕೂರುವುದಕ್ಕಿಂತ ತಾರೀಖು, ಹೊತ್ತು, ಪೊಲೀಸ್ ದೂರಿನ ಸಂಖ್ಯೆ ಬರೆದ ಪುಟವೊಂದನ್ನು ತುಂಬಿಸುತ್ತಾ ಬರುವುದು ಒಳ್ಳೆಯದು. ಹೊಸ ಅರ್ಜಿಯ ವಿಚಾರಣೆಯಲ್ಲಿ ಎಲ್ಲವೂ ಊಹೆ, ಮರುಪರಿಶೀಲನೆಯಲ್ಲಿ ಮಾತ್ರ ನಡೆದ ಸಂಗತಿಗಳು ಮೇಜಿನ ಮೇಲಿರುತ್ತವೆ.