ಹೊಲ ತೋಟವಾದದ್ದನ್ನು ತೋರಿಸುವ ನಕ್ಷೆ ಯಾವುದು? ತುಮಕೂರು ಜಿಲ್ಲೆಯಿಂದ ಉಚಿತ ಭೂಬಳಕೆ ಸೇವೆಗಳ ವಿಮರ್ಶೆ

ರಾಗಿ ಬೆಳೆಯುತ್ತಿದ್ದ ಹೊಲವೊಂದು ಅಡಿಕೆ ತೋಟವಾದರೆ ಸರ್ಕಾರದ ಭೂಬಳಕೆಯ ಪಟ್ಟಿಯಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ. ಅರಣ್ಯ, ಕೃಷಿಯೇತರ ಬಳಕೆ, ಬಂಜರು, ಕಾಯಂ ಹುಲ್ಲುಗಾವಲು, ಮರಗಳ ತೋಪು, ಸಾಗುವಳಿಗೆ ಯೋಗ್ಯವಾದ ಪಾಳು, ಚಾಲ್ತಿ ಬೀಳು, ಇತರೆ ಬೀಳು, ನಿವ್ವಳ ಬಿತ್ತನೆ ಪ್ರದೇಶ ಎಂಬ ಒಂಬತ್ತು ವರ್ಗಗಳ ಈ ಪಟ್ಟಿ 1950ರ ಆಸುಪಾಸಿನಿಂದ ದೇಶದಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ರಾಗಿ ಹೊಲವೂ ಅಡಿಕೆ ತೋಟವೂ ನಿವ್ವಳ ಬಿತ್ತನೆ ಪ್ರದೇಶವೇ. ಆದರೆ ಮುಂಗಾರಿನ ಮಳೆಯನ್ನೇ ನಂಬಿದ್ದ ಒಂದು ಎಕರೆ, ವರ್ಷದ ಹನ್ನೆರಡು ತಿಂಗಳೂ ಕೊಳವೆಬಾವಿಯ ನೀರು ಬೇಡುವ ಒಂದು ಎಕರೆಯಾಗಿ ಬದಲಾಗಿರುತ್ತದೆ. ಹಲವು ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಗೆ ಸೇರಿರುವ ನಮ್ಮ ಜಿಲ್ಲೆಯಲ್ಲಿ ನೀತಿ ರೂಪಿಸುವವರು ಮೊದಲು ನೋಡಬೇಕಾದ ಬದಲಾವಣೆ ಇದೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ರೈತರ ಗುಂಪೊಂದಕ್ಕೆ ಲೆಕ್ಕಪತ್ರ ಮತ್ತು ನಕ್ಷೆಯ ಕೆಲಸ ಮಾಡಿಕೊಡುವ ನನಗೆ, ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಗಾಗಿ ಒಂದು ಕೆರೆಯ ಜಲಾನಯನದಲ್ಲಿ ಖುಷ್ಕಿ, ಅಂದರೆ ಮಳೆಯಾಶ್ರಿತ ಹೊಲ, ಎಷ್ಟು ಉಳಿದಿದೆ, ಬಾಗಾಯ್ತು, ಅಂದರೆ ತೋಟ, ಎಷ್ಟಾಗಿದೆ, ಬದು ಮತ್ತು ಕೃಷಿ ಹೊಂಡಗಳು ಎಲ್ಲಿ ಬೇಕು ಎಂದು ಬರೆದುಕೊಡುವ ಹೊಣೆ ಬಂದಿತ್ತು. ಹಣ ಕೊಟ್ಟು ನಕ್ಷೆ ಮಾಡಿಸುವ ಅನುಕೂಲವಿರಲಿಲ್ಲವಾದ್ದರಿಂದ ಉಚಿತವಾಗಿ ಸಿಗುವ ಸೇವೆಗಳನ್ನೇ ಒಂದೊಂದಾಗಿ ಬಳಸಿದೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ನೆರವಾಗಲೆಂದು ಅವುಗಳ ಗುಣದೋಷಗಳನ್ನು ಬರೆಯುತ್ತಿದ್ದೇನೆ.

ಸೇವೆಗಳನ್ನು ಹೋಲಿಸುವ ಮೊದಲು ಅಳತೆಯ ಮಾತು. ಉಪಗ್ರಹದ ಸ್ಪಷ್ಟತೆಯನ್ನು, ಅಂದರೆ ಅದರ ಚಿತ್ರದ ಅತಿ ಚಿಕ್ಕ ಚೌಕವಾದ ಪಿಕ್ಸೆಲ್ ನೆಲದ ಮೇಲೆ ಎಷ್ಟು ಅಗಲವೆಂಬುದನ್ನು, ಮೀಟರಿನಲ್ಲಿ ಹೇಳುತ್ತಾರೆ. ನಮ್ಮವರಿಗೆ ಅದು ಗುಂಟೆಯಲ್ಲಿ ಅರ್ಥವಾಗುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಹತ್ತು ಮೀಟರ್ ಪಿಕ್ಸೆಲ್ ಎಂದರೆ ನೂರು ಚದರ ಮೀಟರ್, ಅಂದರೆ ಹೆಚ್ಚೂಕಡಿಮೆ ಸರಿಯಾಗಿ ಒಂದು ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಒಂಬತ್ತು ಗುಂಟೆಗೆ ಹತ್ತಿರ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದ 23.5 ಮೀಟರ್ ಪಿಕ್ಸೆಲ್ ಐದೂವರೆ ಗುಂಟೆ. ಅದೇ ಉಪಗ್ರಹದ ಎವೈಫ್ಸ್ ಕ್ಯಾಮೆರಾದ 56 ಮೀಟರ್ ಪಿಕ್ಸೆಲ್ ಮುಕ್ಕಾಲು ಎಕರೆ. ಒಂದೆರಡು ಎಕರೆಯ ಹಿಡುವಳಿಗಳೇ ತುಂಬಿರುವ ಊರಿನಲ್ಲಿ ಮುಕ್ಕಾಲು ಎಕರೆಯ ಪಿಕ್ಸೆಲ್ ಒಂದೇ ಸಲಕ್ಕೆ ಇಬ್ಬರ ಹೊಲ, ನಡುವಿನ ಬದು, ಬದುವಿನ ಮೇಲಿನ ಹೊಂಗೆ ಮರ ಎಲ್ಲವನ್ನೂ ಕಲಸಿ ಒಂದು ಬಣ್ಣ ಕೊಡುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಮೊದಲು ತೆರೆದದ್ದು ಇಸ್ರೋ 2009ರಲ್ಲಿ ಆರಂಭಿಸಿದ ಭುವನ್ ಎಂಬ ನಕ್ಷೆಗಳ ತಾಣವನ್ನು. ಇದರಲ್ಲಿ 2005-06, 2011-12 ಮತ್ತು 2015-16ರ ಭೂಬಳಕೆ ನಕ್ಷೆಗಳು 1:50,000 ಪ್ರಮಾಣದಲ್ಲಿ ಸಿಗುತ್ತವೆ. ಇವುಗಳ ದೊಡ್ಡ ಗುಣವೆಂದರೆ ವರ್ಗಗಳ ಹೆಸರು ನಮ್ಮ ನೆಲದ ಕೃಷಿಯನ್ನು ಬಲ್ಲವರು ಇಟ್ಟದ್ದು. ಕೃಷಿಯ ಅಡಿಯಲ್ಲಿ ಬೆಳೆಭೂಮಿ ಬೇರೆ, ತೋಟ ಬೇರೆ, ಬೀಳು ಬೇರೆ. ಇದು ಎಷ್ಟು ಮುಖ್ಯವೆಂಬುದು ಹತ್ತು ಮೀಟರಿನ ವರ್ಲ್ಡ್‌ಕವರ್ ಎಂಬ ಜಾಗತಿಕ ನಕ್ಷೆಯನ್ನು ಪಕ್ಕದಲ್ಲಿಟ್ಟಾಗ ತಿಳಿಯಿತು. ಅದರ ವ್ಯಾಖ್ಯೆಯ ಪ್ರಕಾರ ಬಹುವಾರ್ಷಿಕ ಮರಬೆಳೆಗಳು ಬೆಳೆಭೂಮಿಯಲ್ಲ, ಮರಗಳ ಹೊದಿಕೆ. ಆದ್ದರಿಂದ ತಿಪಟೂರಿನ ತೆಂಗಿನ ತೋಟವೂ ದೇವರಾಯನದುರ್ಗದ ಕಾಡೂ ಒಂದೇ ಹಸಿರಿಗೆ ಸೇರಬೇಕಾದವು. ಕೊಬ್ಬರಿಯ ಸೀಮೆಯನ್ನು ಕಾಡಿನ ಲೆಕ್ಕಕ್ಕೆ ಸೇರಿಸುವ ನಕ್ಷೆಯನ್ನು ಹಿಡಿದು ಯಾರಾದರೂ ಜಿಲ್ಲೆಯಲ್ಲಿ ಮರಗಳು ಹೆಚ್ಚಿವೆ ಎಂದು ಸಂತೋಷಪಟ್ಟರೆ, ಅದರ ಹಿಂದೆ ಇಳಿಯುತ್ತಿರುವ ನೀರಿನ ಮಟ್ಟ ಅವರಿಗೆ ಕಾಣುವುದೇ ಇಲ್ಲ.

ಭುವನ್ ನಕ್ಷೆಯ ಮಿತಿ ಅದರ ಪ್ರಮಾಣದಲ್ಲೇ ಇದೆ. 1:50,000ರಲ್ಲಿ ನಕ್ಷೆಯ ಮೇಲಿನ ಮೂರು ಮಿಲಿಮೀಟರ್ ಚೌಕವೂ ನೆಲದ ಮೇಲೆ ಐದೂವರೆ ಎಕರೆ. ಜಿಲ್ಲೆ ಅಥವಾ ತಾಲ್ಲೂಕಿನ ಮಟ್ಟದಲ್ಲಿ ಒಟ್ಟಾರೆ ಒಲವನ್ನು ತಿಳಿಯಲು ಇದು ಸಾಕು. ಇಂಥವರ ಹೊಲದ ಕೆಳಗೆ ಹೊಂಡ ಬೇಕು ಎಂದು ಹೇಳಲು ಸಾಲದು.

ಎರಡನೆಯದಾಗಿ ಬಳಸಿದ್ದು ಸೆಂಟಿನೆಲ್ ಚಿತ್ರಗಳನ್ನು ಉಚಿತವಾಗಿ ತೋರಿಸುವ ಯುರೋಪಿನ ತಾಣವಾದ ಕೋಪರ್ನಿಕಸ್ ಬ್ರೌಸರ್. ಸೆಂಟಿನೆಲ್-2 ಸರಣಿಯ ಮೊದಲ ಉಪಗ್ರಹ 2015ರಲ್ಲಿಯೂ ಎರಡನೆಯದು 2017ರಲ್ಲಿಯೂ ಕಕ್ಷೆ ಸೇರಿದ ಮೇಲೆ ಐದು ದಿನಕ್ಕೊಮ್ಮೆ ಒಂದೇ ಜಾಗದ ಹೊಸ ಚಿತ್ರ ಸಿಗುತ್ತಿದೆ. ಹಳೆಯ ದಿನಾಂಕಕ್ಕೆ ಹೋಗುವುದು ಸುಲಭ. ಕನ್ನಡದಲ್ಲಿ ಈ ತಾಣವಿಲ್ಲ, ಅದೊಂದು ನಿಜವಾದ ಕೊರತೆ. ಆದರೆ ಒಂದು ವಾರ ಕೈಯಾಡಿಸಿದರೆ ರೂಢಿಯಾಗುತ್ತದೆ. ಪಾವಗಡದ ತಿರುಮಣಿ ಸುತ್ತಿನ ಸುಮಾರು 13,000 ಎಕರೆ ಸೌರ ಪಾರ್ಕ್ ಆದದ್ದನ್ನು ಇದರಲ್ಲಿ ವರ್ಷದಿಂದ ವರ್ಷಕ್ಕೆ ನೋಡಬಹುದು. ಅಂಥ ದೊಡ್ಡ ಬದಲಾವಣೆ ಯಾವ ನಕ್ಷೆಗಾದರೂ ಕಾಣುತ್ತದೆ. ನನಗೆ ಬೇಕಿದ್ದದ್ದು ಅರ್ಧ ಎಕರೆ, ಒಂದು ಎಕರೆಗಳಲ್ಲಿ ಸದ್ದಿಲ್ಲದೆ ನಡೆಯುವ ಬದಲಾವಣೆ.

ಅದಕ್ಕೆ ಒಂದು ಸರಳ ಉಪಾಯವಿದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಹಿಂದಿರುಗಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವ, ಎನ್‌ಡಿವಿಐ ಎಂದು ಕರೆಯುವ ಸಂಖ್ಯೆ ಹಸಿರಿನ ಅಳತೆ. ಬ್ರೌಸರ್ ಇದನ್ನು ತಾನೇ ಲೆಕ್ಕ ಹಾಕಿ ಬಣ್ಣದಲ್ಲಿ ತೋರಿಸುತ್ತದೆ. ಮುಂಗಾರಿನಲ್ಲಿ ರಾಗಿಯೂ ಹಸಿರು, ತೋಟವೂ ಹಸಿರು, ಮೇಲೆ ಮೋಡ ಬೇರೆ. ಆದ್ದರಿಂದ ಮಾರ್ಚ್ ಕೊನೆ ಅಥವಾ ಏಪ್ರಿಲ್ ಆರಂಭದ ಚಿತ್ರವನ್ನು ತೆಗೆದುಕೊಳ್ಳಬೇಕು. ಆಗ ಖುಷ್ಕಿ ನೆಲವೆಲ್ಲ ಕೆಂಪು ಮಣ್ಣಾಗಿ ಬಿದ್ದಿರುತ್ತದೆ, ನೀರುಂಡ ನೆಲ ಮಾತ್ರ ಹಸಿರಾಗಿ ಉಳಿದಿರುತ್ತದೆ. ಬೇಸಿಗೆಯ ಹಸಿರು ಎಂದರೆ ಬಹುಪಾಲು ಕೊಳವೆಬಾವಿಯ ಹಸಿರು ಎಂದು ತಿಳಿದು ನಾನು ಮೊದಲ ನಕ್ಷೆಯನ್ನು ಸಿದ್ಧಪಡಿಸಿದೆ.

ಆ ನಕ್ಷೆಯಲ್ಲಿ ಎರಡು ತಪ್ಪುಗಳಿದ್ದವು, ಎರಡೂ ಕಲಿಯುವಂಥವು. ಕೆರೆಯ ಅಂಗಳದಲ್ಲಿ ದೊಡ್ಡ ತೋಟವೊಂದು ಕಾಣುತ್ತಿತ್ತು. ಅದನ್ನು ಪಂಚಾಯಿತಿ ಕಟ್ಟೆಯಲ್ಲಿ ತೋರಿಸಿದಾಗ ಹಿರಿಯರೊಬ್ಬರು, “ಅದ್ಯಾವ ತೋಟ ಸ್ವಾಮಿ, ಕೆರೆಯೊಳಗೆ ಬೆಳೆದಿರೋ ಸೀಮೆಜಾಲಿ ಅದು” ಎಂದರು. ಆಳಕ್ಕೆ ಬೇರಿಳಿಸುವ ಸೀಮೆಜಾಲಿ ಏಪ್ರಿಲ್‌ನಲ್ಲೂ ಹಸಿರಾಗಿರುತ್ತದೆ. ನೀಲಗಿರಿ, ಹುಣಸೆ, ಹೊಂಗೆಗಳೂ ಹಾಗೆಯೇ. ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು ಮತ್ತು ನನ್ನ ಮಟ್ಟಿಗೆ ಹೆಚ್ಚು ಕಳವಳದ್ದು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಸಿಗಳು ಒಂದು ಗುಂಟೆಗೆ ಹದಿಮೂರು ಹದಿನಾಲ್ಕು ಬರುತ್ತವೆ. ಮೊದಲ ಕೆಲವು ವರ್ಷ ಅವುಗಳ ಎಲೆ ನೆಲವನ್ನು ಮುಚ್ಚುವುದಿಲ್ಲವಾದ್ದರಿಂದ ಪಿಕ್ಸೆಲ್‌ಗೆ ಕಾಣುವುದು ನಡುವಿನ ಮಣ್ಣು. ನೆರಳಿಗೆಂದು ಬಾಳೆ ಹಾಕಿದ್ದರೆ ಕಾಣುವುದು ಬಾಳೆ. ಹೀಗಾಗಿ ತೋಟ ಕಟ್ಟಿದ, ಹೊಸ ಕೊಳವೆಬಾವಿ ಕೊರೆಸಿದ, ಸಾಲ ಮಾಡಿದ ವರ್ಷ ಉಪಗ್ರಹಕ್ಕೆ ಅದು ಇನ್ನೂ ಹೊಲವೇ. ನಕ್ಷೆಯಲ್ಲಿ ತೋಟ ಮೂಡುವ ಹೊತ್ತಿಗೆ ರೈತನು ಹಿಂದೆಗೆಯಲಾಗದಷ್ಟು ಹಣವನ್ನು ನೆಲಕ್ಕೆ ಹಾಕಿಯಾಗಿರುತ್ತದೆ, ಆಗ ಹೇಳುವ ಯಾವ ಸಲಹೆಯೂ ಅವನಿಗೆ ನೆರವಾಗುವುದಿಲ್ಲ.

ಈ ಕೊರತೆಯನ್ನು ತುಂಬುವುದು ನಮ್ಮ ರಾಜ್ಯದ ಬೆಳೆ ಸಮೀಕ್ಷೆ. ಸರ್ವೆ ನಂಬರ್ ಮತ್ತು ಅದರೊಳಗಿನ ಪಾಲಾದ ಹಿಸ್ಸಾವಾರು ಹೊಲಕ್ಕೇ ಹೋಗಿ, ಬೆಳೆಯ ಹೆಸರು ಮತ್ತು ವಿಸ್ತೀರ್ಣ ಬರೆದು, ಸ್ಥಳದಿಂದಲೇ ಚಿತ್ರ ತೆಗೆದು ಮೊಬೈಲ್ ಆಪ್ ಮೂಲಕ ಸೇರಿಸುವ ಈ ಕ್ರಮದಲ್ಲಿ ಒಂದು ವರ್ಷದ ಅಡಿಕೆ ಸಸಿಯೂ ಅಡಿಕೆ ಎಂದೇ ದಾಖಲಾಗಬಲ್ಲದು. ರೈತರು ತಾವೇ ದಾಖಲಿಸಬಹುದು, ದಾಖಲಾದದ್ದನ್ನು ಬೆಳೆ ದರ್ಶಕ್ ಆಪ್‌ನಲ್ಲಿ ನೋಡಿ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಪ್ರತಿ ಹಂಗಾಮಿನಲ್ಲೂ ಹಿಸ್ಸಾ ಮಟ್ಟಕ್ಕೆ ಇಳಿಯುವ ಇಂಥ ಮಾಹಿತಿ ಅಮೂಲ್ಯವಾದದ್ದು, ಅದನ್ನು ವಿಮೆ ಮತ್ತು ಪರಿಹಾರದ ಕೆಲಸಕ್ಕಷ್ಟೇ ಸೀಮಿತಗೊಳಿಸದೆ ಪಂಚಾಯಿತಿ ಮಟ್ಟದ ಯೋಜನೆಗೂ ಬಳಸಬೇಕೆಂಬುದು ನನ್ನ ಕಳಕಳಿಯ ಅಭಿಪ್ರಾಯ. ಅಕ್ಕಡಿ ಸಾಲಿನಲ್ಲಿ ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳು ಇರುವ ಹೊಲವನ್ನು ದಾಖಲಿಸುವಾಗ ಮಾತ್ರ ಎಚ್ಚರ ಬೇಕು. ರಾಗಿ ಎಂದಷ್ಟೇ ಬರೆದರೆ ಆ ಹೊಲದ ನಿಜವಾದ ಸಂಪತ್ತು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ರಾಜ್ಯದ ಜಲಾನಯನ ಅಭಿವೃದ್ಧಿ ಯೋಜನೆಯಾದ ಸುಜಲಾದ ಮೂರನೆಯ ಹಂತದಲ್ಲಿ ತುಮಕೂರೂ ಸೇರಿದಂತೆ 11 ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ ನಡೆದ ಭೂ ಸಂಪನ್ಮೂಲ ಸಮೀಕ್ಷೆಯ ನಕ್ಷೆಗಳು. ಇವುಗಳ ಪ್ರಮಾಣ 1:7,920, ಅಂದರೆ ಒಂದು ಮೈಲಿಗೆ ಎಂಟು ಇಂಚು. ಇದು ನಮ್ಮ ಹಳೆಯ ಗ್ರಾಮ ನಕ್ಷೆಯ ಪ್ರಮಾಣವೇ ಆದ್ದರಿಂದ ಸರ್ವೆ ನಂಬರಿನ ಗೆರೆಗಳ ಮೇಲೆ ನೇರವಾಗಿ ಕೂರುತ್ತದೆ. ಉಪಗ್ರಹ ನೆಲದ ಮೇಲ್ಮೈಯನ್ನು ಮಾತ್ರ ನೋಡಿದರೆ ಇಲ್ಲಿ ಗುಂಡಿ ತೋಡಿ ಮಣ್ಣಿನ ಆಳ, ಕಣದ ಗಾತ್ರ, ಗರಸಿನ ಪ್ರಮಾಣ, ಇಳಿಜಾರು, ಕೊಚ್ಚಣೆ, ತೇವ ಹಿಡಿಯುವ ಶಕ್ತಿಗಳನ್ನು ಬರೆದಿದ್ದಾರೆ. ಫಲವತ್ತತೆಗೆ 320 ಮೀಟರ್ ಅಂತರದ ಚೌಕಗಳಲ್ಲಿ ಮಾದರಿ ತೆಗೆದಿದ್ದಾರೆ. ಅದರ ಮೇಲೆ ಪ್ರತಿಯೊಂದು ಬೆಳೆಗೂ ಆ ನೆಲ ಬಹಳ ಸೂಕ್ತ, ಮಧ್ಯಮ ಸೂಕ್ತ, ಅಲ್ಪ ಸೂಕ್ತ ಅಥವಾ ಸೂಕ್ತವಲ್ಲ ಎಂಬ ನಿರ್ಣಯವಿರುತ್ತದೆ, ಕೊರತೆ ಬೇರಿನ ಆಳದ್ದೋ ಗರಸಿನದ್ದೋ ಎಂಬ ಗುರುತಿನೊಡನೆ.

ಬೇಸಿಗೆಯ ಹಸಿರಿನ ನಕ್ಷೆಯನ್ನು ಈ ಮಣ್ಣಿನ ನಕ್ಷೆಯ ಮೇಲಿಟ್ಟು ನೋಡಿದ ದಿನ ನನ್ನ ಪಾಲಿಗೆ ಇಡೀ ಕೆಲಸದ ಅರ್ಥ ತೆರೆದುಕೊಂಡಿತು. ಆಳ ಕಡಿಮೆಯಿರುವ, ಗರಸು ತುಂಬಿದ, ರಾಗಿ ಹುರುಳಿಗಳಷ್ಟೇ ಒಪ್ಪುವ ಏರು ನೆಲದಲ್ಲಿ ತೋಟ ಎಲ್ಲೆಲ್ಲಿ ಹತ್ತಿದೆ ಎಂಬುದು ಸರ್ವೆ ನಂಬರಿನ ಸಮೇತ ಕಾಣುತ್ತದೆ. ನೀತಿಯ ಮಾತು ಆಡಬೇಕಾದದ್ದು ಅಲ್ಲಿಯೇ: ಮೊದಲು ಅಲ್ಲಿ ಬದು, ಅಲ್ಲಿ ಹೊಂಡ, ಅಲ್ಲಿ ಸಿರಿಧಾನ್ಯಕ್ಕೆ ಬೆಂಬಲ. ಆದರೂ ಒಂದು ಎಚ್ಚರವಿದೆ. ಸೂಕ್ತತೆ ಎಂಬುದು ಮಣ್ಣು ಮತ್ತು ಹವೆಯನ್ನು ನೋಡಿ ಹೇಳಿದ ಮಾತು. ಕೆಳಗಿನ ಬಂಡೆಯ ಬಿರುಕಿನಲ್ಲಿ ನೀರು ಇನ್ನೆಷ್ಟು ವರ್ಷ ಉಳಿಯುತ್ತದೆ ಎಂಬ ಪ್ರಶ್ನೆಗೆ ಈ ನಕ್ಷೆಯಲ್ಲಿ ಉತ್ತರವಿಲ್ಲ.

ಯಾವ ನಕ್ಷೆಯನ್ನು ಬಳಸಿದರೂ ಪಿಕ್ಸೆಲ್ ಎಣಿಸಿ ಅದೇ ವಿಸ್ತೀರ್ಣವೆಂದು ಬರೆದುಕೊಡುವ ಅಭ್ಯಾಸವನ್ನು ಬಿಡಬೇಕು. ನಕ್ಷೆ ತೋಟವೆಂದ ನೂರು ಚುಕ್ಕೆಗಳಿಗೆ ಹೋಗಿ ನೋಡಿದಾಗ ಇಪ್ಪತ್ತು ಕಡೆ ಜಾಲಿಯೋ ನೀಲಗಿರಿಯೋ ಸಿಕ್ಕಿತೆಂದುಕೊಳ್ಳೋಣ. ಅಷ್ಟನ್ನೇ ಕಳೆದರೆ ಲೆಕ್ಕ ಸರಿಯಾಗುವುದಿಲ್ಲ, ಏಕೆಂದರೆ ನಕ್ಷೆ ಹೊಲವೆಂದ ಜಾಗಗಳಲ್ಲಿಯೂ ಎಳೆಯ ತೋಟಗಳು ಅಡಗಿರುತ್ತವೆ. ಖುಷ್ಕಿಯ ವಿಸ್ತೀರ್ಣ ದೊಡ್ಡದಾದ್ದರಿಂದ ಅಲ್ಲಿನ ನೂರಕ್ಕೆ ಎರಡರ ತಪ್ಪೂ ಹಲವು ಎಕರೆ ತೋಟವನ್ನು ನುಂಗಿರಬಹುದು. ಎರಡೂ ಬಗೆಯ ತಪ್ಪನ್ನು ಎಣಿಸಿ, ಆ ಪ್ರಮಾಣದಲ್ಲಿ ವಿಸ್ತೀರ್ಣವನ್ನು ತಿದ್ದಿ, ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯುವುದು ಪ್ರಾಮಾಣಿಕ ಕ್ರಮ. ಚುಕ್ಕೆಗಳನ್ನು ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸಬೇಕು. ಮೋಟಾರುಬೈಕು ಹೋಗುವ ದಾರಿಯ ಪಕ್ಕದ್ದನ್ನೇ ನೋಡಿ ಬಂದರೆ, ರಸ್ತೆ ಮತ್ತು ವಿದ್ಯುತ್ ತಂತಿಯ ಹತ್ತಿರ ತೋಟಗಳು ದಟ್ಟವಾಗಿರುವುದರಿಂದ, ಊರೆಲ್ಲ ತೋಟವಾದಂತೆ ತೋರುತ್ತದೆ. ಹೊಲದಲ್ಲಿ ನಿಂತಾಗ ಅದು ಯಾವ ಸರ್ವೆ ನಂಬರ್ ಎಂದು ತಿಳಿಯಲು ರಾಜ್ಯದ ದಿಶಾಂಕ್ ಆಪ್ ಬಹಳ ಅನುಕೂಲ.

ಐದಕ್ಕೆ ಅಂಕ ಕೊಡುವುದಾದರೆ ಭೂ ಸಂಪನ್ಮೂಲ ಸಮೀಕ್ಷೆಗೆ ನಾಲ್ಕೂವರೆ, ಬೆಳೆ ಸಮೀಕ್ಷೆಗೆ ನಾಲ್ಕು, ಕೋಪರ್ನಿಕಸ್ ಬ್ರೌಸರ್‌ಗೆ ನಾಲ್ಕು, ಭುವನ್‌ಗೆ ನಮ್ಮ ಊರಿನ ಮಟ್ಟದ ಕೆಲಸಕ್ಕೆ ಮೂರು ಮತ್ತು ಜಿಲ್ಲೆಯ ಮಟ್ಟಕ್ಕೆ ನಾಲ್ಕು. ಜಾಗತಿಕ ನಕ್ಷೆಯನ್ನು ತೆಂಗು ಅಡಿಕೆಯ ಸೀಮೆಯಲ್ಲಿ ಈ ಉದ್ದೇಶಕ್ಕೆ ಬಳಸಬೇಡಿ. ಹೊಸದಾಗಿ ಆರಂಭಿಸುವವರು ಮೊದಲು ತಮ್ಮ ಊರು ಸಮೀಕ್ಷೆಯಾದ ಕಿರು ಜಲಾನಯನದೊಳಗೆ ಇದೆಯೇ ಎಂದು ವಿಚಾರಿಸಿಕೊಳ್ಳಲಿ. ಇದ್ದರೆ ಮಣ್ಣಿನ ನಕ್ಷೆಯಿಂದ ತೊಡಗುವುದು ಒಳ್ಳೆಯದು. ಇಲ್ಲದಿದ್ದರೆ ಏಪ್ರಿಲ್ ತಿಂಗಳ ಎರಡು ಚಿತ್ರ, 2017ರದ್ದೊಂದು ಮತ್ತು ಈಚಿನದ್ದೊಂದು, ಅಕ್ಕಪಕ್ಕ ಇಟ್ಟುಕೊಂಡು, ಅವುಗಳ ನಡುವೆ ಬಣ್ಣ ಬದಲಾದ ಹೊಲಗಳ ಕಡೆಗೆ ನಡೆಯತೊಡಗಲಿ.