ನಾಣ್ಯದ ಹೋಲ್ಡರಿಗೆ ಲೇಬಲ್ ಯಂತ್ರ: ಬಿಸಿಲೂರಿನವರು ಯಾವುದನ್ನು ಕೊಳ್ಳಬೇಕು

ಲೇಬಲ್ ಮೇಕರ್ ಕೊಳ್ಳಲು ಹೊರಟವರು ಮೊದಲು ಬೆಲೆ ನೋಡುತ್ತಾರೆ. ನಾಣ್ಯ ಸಂಗ್ರಹಕ್ಕೆ ಕೊಳ್ಳುವವರು ಮೊದಲು ಸ್ಕೇಲು ಹಿಡಿಯಲಿ. 2×2 ಕಾರ್ಡ್‌ಬೋರ್ಡ್ ಹೋಲ್ಡರ್ ಎಂದರೆ ನಾಣ್ಯವನ್ನು ಪಾರದರ್ಶಕ ಕಿಂಡಿಗಳ ನಡುವೆ ಇಟ್ಟು ಮಡಚಿ ಪಿನ್ ಹೊಡೆಯುವ ರಟ್ಟು; ಮಡಚಿದ ಮೇಲೆ ಎರಡಿಂಚು ಚೌಕ, 50.8 ಮಿ.ಮೀ. ಹತ್ತು ರೂಪಾಯಿಯ ದ್ವಿಲೋಹ ನಾಣ್ಯ 27 ಮಿ.ಮೀ.; ಅದಕ್ಕೆ 27.5ರ ಕಿಂಡಿ ಬೇಕು. ಅಲ್ಲಿಗೆ ಕಿಂಡಿಯ ಮೇಲೆ ಉಳಿಯುವ ಪಟ್ಟಿ 11.65 ಮಿ.ಮೀ. ಮಾತ್ರ. 12 ಮಿ.ಮೀ. ಲೇಬಲ್ ಅಂಟಿಸಿದರೆ ಅಂಚು ಕಿಂಡಿಯ ಪಾರದರ್ಶಕ ಹಾಳೆಯ ಮೇಲೆ ಬರುತ್ತದೆ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 30.5 ಮಿ.ಮೀ.; 32.5ರ ಕಿಂಡಿಯಾದರೆ ಉಳಿಯುವುದು 9.15. ಅಗ್ಗದ ಕೆಲವು ಹೋಲ್ಡರುಗಳು ಸರಿಯಾಗಿ 50 ಮಿ.ಮೀ. ಮಾತ್ರ ಇರುತ್ತವೆ, ಆಗ ಅದೂ 8.75ಕ್ಕೆ ಇಳಿಯುತ್ತದೆ. ಹಿಂಬದಿಗೆ ಅಂಟಿಸೋಣ ಎಂದರೆ ಅಲ್ಲಿಯೂ ಕಿಂಡಿಯಿದೆ, ನಾಣ್ಯದ ಇನ್ನೊಂದು ಮುಖ ಕಾಣಬೇಕಲ್ಲ. ಆದ್ದರಿಂದ ನಾಣ್ಯದವರಿಗೆ ಬೇಕಾದ ಅಗಲ 9 ಮಿ.ಮೀ., ದೊಡ್ಡ ನಾಣ್ಯಗಳಿಗೆ 6. ಈ ಎರಡು ಅಗಲ ಕೊಡದ ಯಂತ್ರ ಎಷ್ಟೇ ಅಗ್ಗವಾಗಿದ್ದರೂ ನಮ್ಮ ಕೆಲಸಕ್ಕೆ ಅರ್ಧ ಮಾತ್ರ ಬಂದಂತೆ.

ಆನ್‌ಲೈನಿನಲ್ಲಿ ಅಗ್ಗ ಎಂದು ಮೊದಲು ಕಣ್ಣಿಗೆ ಬೀಳುವುದು ನೀಮ್‌ಬಾಟ್ ಡಿ11, ಫೊಮೆಮೊ ಡಿ30 ಜಾತಿಯ ಪುಟ್ಟ ಯಂತ್ರಗಳು. ಇಂಕೂ ಇಲ್ಲ, ರಿಬ್ಬನ್ನೂ ಇಲ್ಲ. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಸೇರಿಸಿದರೆ ಮುಗಿಯಿತು. ಮುದ್ರಣ 203 ಡಿಪಿಐ, ಅಂದರೆ ಮಿಲಿಮೀಟರಿಗೆ ಎಂಟು ಚುಕ್ಕೆ. ಕನ್ನಡ ಅಕ್ಷರ ಚೆನ್ನಾಗಿಯೇ ಮೂಡುತ್ತದೆ. ತೊಡಕು ಎರಡು. ಇವುಗಳ ರೋಲ್ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಅಗಲ, ಮೇಲಿನ ಲೆಕ್ಕಕ್ಕೆ ಕೂರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: ಇದು ಡೈರೆಕ್ಟ್ ಥರ್ಮಲ್, ಕಾಗದವೇ ಬಿಸಿಗೆ ಕಪ್ಪಾಗುವ ಬಗೆ, ಬಸ್ ಟಿಕೆಟ್ಟಿನಂತೆ. ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಕೆಳಗೋ ಮೇಲ್ಮಹಡಿಯಲ್ಲೋ ಇಟ್ಟ ಕಬ್ಬಿಣದ ಅಲ್ಮೇರಾದೊಳಗೆ ಇನ್ನೂ ಹೆಚ್ಚು. ಒಂದೇ ಬಾರಿಗೆ ಕಾಗದ ಕಪ್ಪಾಗದಿದ್ದರೂ ವರ್ಷದಿಂದ ವರ್ಷಕ್ಕೆ ಹಿನ್ನೆಲೆ ಮಂಕಾಗಿ ಅಕ್ಷರ ಮಾಸುತ್ತದೆ. ಎಣ್ಣೆಗೈ, ಸ್ಯಾನಿಟೈಸರ್ ತಾಗಿದರೂ ಕೆಡುತ್ತದೆ. ಪಿವಿಸಿ ಫ್ಲಿಪ್ಪಿನ, ಅಂದರೆ ನಾಣ್ಯ ಇಡುವ ಮೆತ್ತನೆಯ ಪ್ಲಾಸ್ಟಿಕ್ ಚೀಲದ ಒಳಗೆ ಇಟ್ಟರಂತೂ ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ರಾಸಾಯನಿಕವೇ ಅಕ್ಷರವನ್ನು ತಿನ್ನುತ್ತದೆ. (ಅದೇ ಪಿವಿಸಿ ತಾಮ್ರದ ನಾಣ್ಯದ ಮೇಲೆ ಹಸಿರು ಲೋಳೆಯನ್ನೂ ತರುತ್ತದೆ, ಲೇಬಲ್ಲಿನ ಚಿಂತೆಗೆ ಮುನ್ನ ಆ ಫ್ಲಿಪ್ಪುಗಳನ್ನು ಎಸೆಯಿರಿ.) ಇನ್ನೊಂದು ಮಾತು: ನೀಮ್‌ಬಾಟ್ ರೋಲಿನಲ್ಲಿ ಗುರುತಿನ ಚಿಪ್ ಇರುತ್ತದೆ, ಬೇರೆ ಕಂಪನಿಯ ರೋಲನ್ನು ಯಂತ್ರ ಒಪ್ಪುವುದಿಲ್ಲ. ಡಬ್ಬಿಯ ಹೊರಗೆ, ಆಲ್ಬಮ್ಮಿನ ಬೆನ್ನಿಗೆ, ಇನ್ನೂ ಗುರುತು ಹಿಡಿಯಬೇಕಾದ ನಾಣ್ಯಗಳ ಕವರಿಗೆ ಇದು ಸಾಕು. ಹೋಲ್ಡರಿಗೆ ಬೇಡ. ಡೈಮೋ ಲೆಟ್ರಾಟ್ಯಾಗ್ ಕೂಡ ಇದೇ ಜಾತಿ, 12 ಮಿ.ಮೀ. ಟೇಪು.

ಉಳಿಯುವ ಲೇಬಲ್ ಬೇಕೆಂದರೆ ಥರ್ಮಲ್ ಟ್ರಾನ್ಸ್‌ಫರ್. ಬ್ರದರ್ ಕಂಪನಿಯ ಟಿಝಡ್‌ಇ ಟೇಪಿನಲ್ಲಿ ರಿಬ್ಬನ್ನಿನ ಮಸಿ ಪಾರದರ್ಶಕ ಪದರದ ಕೆಳಗೆ ಕೂರುತ್ತದೆ. ಬೆರಳು, ನೀರು, ಬೆವರು ಯಾವುದೂ ತಾಗುವುದಿಲ್ಲ. ಬಿಳಿಯ ಮೇಲೆ ಕಪ್ಪು ಬೇಕಾದರೆ 9 ಮಿ.ಮೀ.ಗೆ ಟಿಝಡ್‌ಇ-221, 6ಕ್ಕೆ 211. ಒಂದು ಕ್ಯಾಸೆಟ್ಟಿನಲ್ಲಿ 8 ಮೀಟರ್.

ಈ ಟೇಪಿನ ಯಂತ್ರಗಳಲ್ಲಿ ಕೀಲಿಮಣೆ ಇರುವ ಪಿಟಿ-ಡಿ210 ಗಟ್ಟಿ ಆಸಾಮಿ. ಆರು ಎಎಎ ಸೆಲ್ಲು, 3.5ರಿಂದ 12 ಮಿ.ಮೀ. ಟೇಪು, ಎರಡು ಸಾಲು, ಮೊಬೈಲಿನ ಹಂಗಿಲ್ಲ. ಆದರೆ ಕನ್ನಡ ಬರುವುದಿಲ್ಲ. ಅಂಕಿ, ಇಂಗ್ಲಿಷ್ ಅಕ್ಷರ, ಚಿಹ್ನೆ ಸಾಕು ಎನ್ನುವವರಿಗೆ ಇದೇ ಸರಿ. ಕನ್ನಡ ಬೇಕೆನ್ನುವವರಿಗೆ ಮೊಬೈಲಿನಿಂದ ನಡೆಯುವ ಪಿಟಿ-ಪಿ300ಬಿಟಿ. ಅದೇ ಟೇಪು, ಅದೇ 180 ಡಿಪಿಐ, ಅದಕ್ಕೂ ಆರು ಸೆಲ್ಲು. ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಟ್ಟು ಒಟ್ಟಿಗೆ ಮುದ್ರಿಸಬೇಕಾದರೆ ಪಿಟಿ-ಪಿ710ಬಿಟಿಯತ್ತ ಹೋಗಬೇಕು, ಅದು ಅಗ್ಗದ ಮಾತಲ್ಲ.

ಕನ್ನಡದಲ್ಲಿ ಒತ್ತಕ್ಷರವೇ ಪರೀಕ್ಷೆ. 9 ಮಿ.ಮೀ. ಟೇಪಿನಲ್ಲಿ ನಿಜವಾಗಿ ಮುದ್ರಣವಾಗುವ ಎತ್ತರ ಸುಮಾರು 7 ಮಿ.ಮೀ., ಅಂದರೆ 50 ಚುಕ್ಕೆ. ಎರಡು ಸಾಲು ಮಾಡಿದರೆ ಸಾಲಿಗೆ 25. ಅಷ್ಟರಲ್ಲಿ ಮೇಲಿನ ಗುಣಿತ, ನಡುವಿನ ಅಕ್ಷರ, ಕೆಳಗಿನ ಒತ್ತು ಮೂರೂ ಹಿಡಿಸಬೇಕು. ‘ಟಿಪ್ಪು’ ಓದಬಹುದು, ‘ರಾಷ್ಟ್ರೀಯ’ ಮಸಿಗುಡ್ಡೆಯಾಗುತ್ತದೆ. ಒತ್ತು ಹೆಚ್ಚಿರುವ ಹೆಸರನ್ನು ಒಂದೇ ಸಾಲಿನ ಲೇಬಲ್ಲಿಗೆ ಹಾಕಿ, ಅಥವಾ ಕನ್ನಡದ ಸಾಲಿಗೆ ಮೂರರಲ್ಲಿ ಎರಡು ಪಾಲು ಎತ್ತರ ಕೊಟ್ಟು ಅಂಕಿಗಳನ್ನು ಕೆಳಗೆ ಚಿಕ್ಕದಾಗಿ ಇಡಿ. ದಪ್ಪ ಅಕ್ಷರ ಬೇಡವೇ ಬೇಡ, ಸೊನ್ನೆಗಳ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಮುನ್ನೋಟದಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಟೇಪಿನಲ್ಲೂ ಹಾಗೆಯೇ ಬರುತ್ತದೆ.

ಟೇಪು ಪೋಲಾಗುವುದು ಎಲ್ಲಿ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮುದ್ರಣದ ತಲೆಗೂ ಕತ್ತರಿಗೂ ನಡುವೆ ಅಂತರ ಇರುವುದರಿಂದ ಪ್ರತಿ ಬಾರಿ ಸುಮಾರು 25 ಮಿ.ಮೀ. ಖಾಲಿ ಟೇಪು ಹೊರಬರುತ್ತದೆ. 40 ಮಿ.ಮೀ. ಲೇಬಲ್ ಒಂದೊಂದೇ ತೆಗೆದರೆ 8 ಮೀಟರಿಗೆ 123 ಸಿಗುತ್ತವೆ. ಅಂಚಿನ ಸೆಟ್ಟಿಂಗನ್ನು ‘ಚೈನ್’ಗೆ ಇಟ್ಟು ಸಾಲಾಗಿ ತೆಗೆದರೆ, ನಡುವಿನ ಬಿಡುವು ಸೇರಿ 45 ಮಿ.ಮೀ. ಹಿಡಿದರೂ 177. ಕ್ಯಾಸೆಟ್ಟಿಗೆ 400 ರೂಪಾಯಿ ಕೊಟ್ಟಿದ್ದೀರಿ ಎಂದುಕೊಳ್ಳಿ: ಮೊದಲನೆಯ ರೀತಿಯಲ್ಲಿ ಲೇಬಲ್ಲಿಗೆ ಮೂರೂಕಾಲು ರೂಪಾಯಿ, ಎರಡನೆಯದರಲ್ಲಿ ಎರಡೂಕಾಲು. ಚೈನ್‌ನಲ್ಲಿ ಕೊನೆಯ ಲೇಬಲ್ ಒಳಗೇ ನಿಂತಿರುತ್ತದೆ. ಟೇಪು ಮುಂದೆ ಸರಿಸುವ ಆಜ್ಞೆ ಕೊಡದೆ ಕತ್ತರಿ ಒತ್ತಿದರೆ ಕೊನೆಯ ಅಕ್ಷರಗಳು ತುಂಡಾಗುತ್ತವೆ.

ಮುನ್ನೂರು ನಾನೂರು ನಾಣ್ಯಕ್ಕೆ ಒಮ್ಮೆಲೇ ಲೇಬಲ್ ಬೇಕಿದ್ದರೆ ಯಂತ್ರವೇ ಬೇಡ. ಎ4 ಸ್ಟಿಕರ್ ಹಾಳೆಗಳಲ್ಲಿ 84 ಲೇಬಲ್ಲಿನದು ಸಿಗುತ್ತದೆ, ಒಂದೊಂದು 46×11 ಮಿ.ಮೀ. 27.5ರ ಕಿಂಡಿಯ ಮೇಲೆ ಬಿಗಿಯಾಗಿ ಕೂರುತ್ತದೆ, ಬೆಳ್ಳಿ ರೂಪಾಯಿಗೆ ಮಾತ್ರ ಆಗದು. ಡಿಟಿಪಿ ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ಒತ್ತಕ್ಷರ ಯಾವ ಲೇಬಲ್ ಯಂತ್ರಕ್ಕಿಂತಲೂ ಸ್ವಚ್ಛ. ಮೂರು ಎಚ್ಚರ ಸಾಕು. ಕಡತವನ್ನು ಪಿಡಿಎಫ್ ಮಾಡಿ ಒಯ್ಯಿರಿ, ಇಲ್ಲವಾದರೆ ಅಲ್ಲಿನ ‘ನುಡಿ’ ತಂತ್ರಾಂಶದ ಅಕ್ಷರಕ್ಕೂ ನಿಮ್ಮ ಯೂನಿಕೋಡಿಗೂ ಜಗಳ. ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆಸಿ 100ಕ್ಕೆ 100 ಅಳತೆಯಲ್ಲಿ ಹಾಕಿಸಿ. 97ಕ್ಕೆ ಇಳಿದರೆ ಮೊದಲ ಮತ್ತು ಕೊನೆಯ ಸಾಲುಗಳು ನಾಲ್ಕು ಮಿ.ಮೀ. ಆಸುಪಾಸು ಜರುಗುತ್ತವೆ. ಅರ್ಧ ಬಳಸಿದ ಹಾಳೆಯನ್ನು ಮತ್ತೆ ಪ್ರಿಂಟರಿಗೆ ಕೊಡಬೇಡಿ, ಲೇಬಲ್ ಕಿತ್ತು ಬಿಸಿ ರೋಲರಿಗೆ ಅಂಟುತ್ತದೆ. ಇಂಕ್‌ಜೆಟ್ಟಿನಲ್ಲಾದರೆ ಒದ್ದೆ ಬೆರಳು ತಾಗಿದರೂ ಮಸಿ ಹರಡುತ್ತದೆ. ಲೇಬಲ್ ಯಂತ್ರ ಉಪಯೋಗಕ್ಕೆ ಬರುವುದು ಆಮೇಲೆ, ತಿಂಗಳಿಗೆ ನಾಲ್ಕು ಹತ್ತು ಹೊಸ ನಾಣ್ಯ ಸೇರುವಾಗ.

40 ಮಿ.ಮೀ.ನಲ್ಲಿ ಏನು ಬರೆಯಬೇಕು? ಗಣರಾಜ್ಯದ ನಾಣ್ಯಕ್ಕೆ ಮೌಲ್ಯ, ವರ್ಷ, ಟಂಕಸಾಲೆ. ಟಂಕಸಾಲೆಯ ಹೆಸರು ಬೇಡ, ಚಿಹ್ನೆಯೇ ಸಾಕು: ಮುಂಬೈಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಗೆ ಚುಕ್ಕೆ. ಕೋಲ್ಕತ್ತಕ್ಕೆ ಗುರುತಿಲ್ಲ, ಆದ್ದರಿಂದ ‘ಕೋ’ ಎಂದು ಬರೆಯಿರಿ. ಖಾಲಿ ಬಿಟ್ಟರೆ ನೋಡಿಲ್ಲವೋ ಗುರುತಿಲ್ಲವೋ ತಿಳಿಯದು. ರಾಯಚೂರು, ಕೊಪ್ಪಳದ ಮನೆಗಳಲ್ಲಿ ಸಿಗುವ ನಿಜಾಮರ ಚಾರ್‌ಮಿನಾರ್ ನಾಣ್ಯಗಳಿಗೆ ಹಿಜರಿ ವರ್ಷವೂ ಇಸವಿಯೂ ಎರಡೂ ಬೇಕು. ಹಿಜರಿ 1330 ಶುರುವಾದದ್ದು 1911ರ ಡಿಸೆಂಬರಿನಲ್ಲಿ, ಹಾಗಾಗಿ ‘ಹಿ. 1330 / 1911-12’ ಎಂದು ಹಾಕಬೇಕು, ಬರಿ 1912 ಎಂದಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಪೆಟ್ಟಿಗೆಗಳಲ್ಲಿ ಕಂಪನಿ ಸರಕಾರದ 1803, 1808ರ 20 ಕ್ಯಾಶ್ ತಾಮ್ರವೂ ಇರುತ್ತದೆ. ಅಂಥದಕ್ಕೆ ತೂಕ ಸೇರಿಸಿ. ಕೊಂಡ ಬೆಲೆಯನ್ನು ಲೇಬಲ್ಲಿನಲ್ಲಿ ಬರೆಯಬೇಡಿ, ನೋಟ್‌ಬುಕ್ಕಿನಲ್ಲಿರಲಿ. ಲೇಬಲ್ಲಿಗೆ ಕ್ರಮಸಂಖ್ಯೆ ಸಾಕು.

ಅಂಟಿಸುವ ಕ್ರಮವೂ ಮುಖ್ಯ. ಮೊದಲು ನಾಣ್ಯ ಇಟ್ಟು ಮಡಚಿ, ಪಿನ್ ಹೊಡೆದು, ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ. ಇಲ್ಲವಾದರೆ ಆಲ್ಬಮ್ಮಿನಲ್ಲಿ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ. ಲೇಬಲ್ ಕೊನೆಗೆ. ಮೊದಲೇ ಅಂಟಿಸಿದರೆ ಪಿನ್ ಅದರ ಮೇಲೆಯೇ ಕೂರುತ್ತದೆ. ಕಾರ್ಡ್‌ಬೋರ್ಡಿಗೆ ಹತ್ತಿದ ಲೇಬಲ್ ಕೀಳಲು ಹೋದರೆ ಕಾಗದದ ಪದರವೇ ಎದ್ದು ಬರುತ್ತದೆ, ಆದ್ದರಿಂದ ಅನುಮಾನವಿರುವ ನಾಣ್ಯಕ್ಕೆ ಪೆನ್ಸಿಲ್ಲೇ ಲೇಸು.

ಅಗ್ಗದ ಬದಲಿ ಕ್ಯಾಸೆಟ್ಟು ತರಿಸಿದರೆ ಬಂದ ದಿನವೇ ಒಂದಡಿ ಓಡಿಸಿ, ಮೇಲಿನ ಪದರವನ್ನು ಉಗುರಿನಿಂದ ಎಬ್ಬಿಸಿ ನೋಡಿ. ಎದ್ದರೆ ವಾಪಸು ಕಳಿಸಿ. ಸೆಲ್ಲು ಇಳಿದಾಗ ಅಕ್ಷರ ಮಂಕಾಗುತ್ತದೆ, ಅದನ್ನು ಟೇಪಿನ ದೋಷ ಎಂದುಕೊಳ್ಳಬೇಡಿ. ಉದ್ದಕ್ಕೂ ಬಿಳಿ ಗೆರೆ ಬಂದರೆ ಮಾತ್ರ ತಲೆಗೆ ಧೂಳು ಕೂತಿದೆ ಎಂದರ್ಥ. ಸಂಡೂರು ಕಡೆಯ ಅದಿರಿನ ಕೆಂಪು ಧೂಳಿಗೂ ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿಗೂ ಇದು ಮಾಮೂಲು. ಸೆಲ್ಲು ತೆಗೆದು, ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸು ನೆನೆಸಿ ತಲೆಯ ಮೇಲೆ ಒರೆಸಿ, ಪೂರ್ತಿ ಒಣಗಿದ ಮೇಲೆ ಕ್ಯಾಸೆಟ್ ಹಾಕಿ. ಬ್ಲೇಡು, ಸೂಜಿ ಮುಟ್ಟಿಸಬೇಡಿ. ತಲೆಗೆ ಗೀರು ಬಿದ್ದರೆ ಆ ಬಿಳಿ ಗೆರೆ ಮತ್ತೆ ಹೋಗುವುದಿಲ್ಲ.